ಬಲಗಡೆಯ ಕಾಗದ

ಬೆಳಗಿನ ನಾಲ್ಕೂ ಮುಕ್ಕಾಲು.
ಫೆರಿ ಶುರುವಾಗಲು ಇನ್ನೂ ಹೊತ್ತಿತ್ತು;
ಬೆಂಗ್ರೆಯಿಂದ ಹಸನಬ್ಬ ತನ್ನ ಪುಟ್ಟ ದೋಣಿಯಲ್ಲೇ
ಹೊಳೆ ದಾಟಿಸಿ ತಂದ ಹೆಂಗಸು.
ವಾರಿಜ ತಿಂಗಳಾಯ, ಐವತ್ತೆಂಟು, ಮೀನು ಮಾರಾಟ.
ದೂರು: ಗ್ಯಾಸು.

"ಬಂಜಿ ಬೇನೆ, ಬಾಯಮ್ಮಾ" ಅನ್ನುತ್ತಾಳೆ.
ಎದೆ ಮುಟ್ಟುವುದಿಲ್ಲ, ಹೊಕ್ಕುಳ ಮೇಲೆ ಮುಷ್ಟಿ.
ರಾತ್ರಿ ಎರಡಕ್ಕೆ ಓಮದ ನೀರು, ಎರಡೂವರೆಗೆ ಶುಂಠಿ,
ಮೂರಕ್ಕೆ ಸೊಸೆ ಒಡೆದುಕೊಟ್ಟ ಸೋಡ.
ಈಗ ಬಿಕ್ಕಳಿಕೆ. ಎರಡು ಬಿಕ್ಕಳಿಕೆಗಳ ನಡುವೆ
ನಿನ್ನೆ ದಕ್ಕೆಯಲ್ಲಿ ಬಂಗುಡೆಗೆ ಬಿದ್ದ ರೇಟು.

ನಾನು ಡಾಕ್ಟರಲ್ಲ. ಎದೆಗೆ ಬಿಲ್ಲೆ ಅಂಟಿಸುವವಳು,
ಇಪ್ಪತ್ತೆರಡು ವರ್ಷದಿಂದ.
ಆರು ಬಿಲ್ಲೆ, ಒಂದನ್ನು ಬಿಟ್ಟರೆ ಎಲ್ಲ ಎಡಕ್ಕೆ.
ಬೆವರು ಒರೆಸಿದಷ್ಟೂ ಜಾರುತ್ತಿತ್ತು,
ಮಂಜುಗಡ್ಡೆಯ ಮೇಲಿಂದ ಎತ್ತಿದ ಮೀನಿನ ಹಾಗೆ ತಣ್ಣಗಿದ್ದಳು.

ಕಾಗದ ಬಂತು.
ಎರಡು, ಮೂರು, ಎ-ವಿ-ಎಫ್:
ಬೆಕ್ಕು ಬೆನ್ನೆತ್ತಿದಂತೆ ಮೂರೂ ಗೆರೆ.
ಮೂರನೆಯದು ಎರಡನೆಯದಕ್ಕಿಂತ ಎತ್ತರ.
ಹೃದಯ ಹೊಟ್ಟೆಯ ಮಾಡಿನ ಮೇಲೆಯೇ ಕೂತಿರುವುದಲ್ಲವೇ,
ಅದರ ಅಡಿಗೋಡೆ ಕೂಗಿದರೆ
ಮೊದಲು ಹೊಟ್ಟೆಗೇ ಕೇಳುತ್ತದೆ.

ಸಿಸ್ಟರ್ ಎಡ್ಲಿನ್ ಟ್ರೇಯಲ್ಲಿ
ನಾಲಗೆಯಡಿಯ ಗುಳಿಗೆ ಇಟ್ಟಾಗಿತ್ತು.
ಎದೆನೋವಿಗೆ ಅದೇ ತಾನೆ, ಊರಿಗೆಲ್ಲ ಗೊತ್ತು.

ಹೋದ ಆಟಿಯಲ್ಲಿ ಮಾಧವ ಶೆಟ್ಟಿಗಾರರಿಗೂ ಅದನ್ನೇ ಕೊಟ್ಟದ್ದು.
ಬೀಡಿ ಬ್ರಾಂಚಿನ ಲೆಕ್ಕದವರು, ಇದೇ ಮಂಚ,
ಇಂಥವೇ ಮೂರು ಗೆರೆ.
ಗುಳಿಗೆ ಕರಗುವಷ್ಟರಲ್ಲಿ
ಬಿ.ಪಿ. ನೂರರಿಂದ ಅರುವತ್ತು, ಆಮೇಲೆ
ಮೆಷಿನ್ನಿಗೆ ಸಿಗಲಿಲ್ಲ.
ಯಾರ ತಪ್ಪೂ ಅಲ್ಲ ಅಂತ ಮೀಟಿಂಗಿನಲ್ಲಿ ಬರೆದರು.
ಹೌದು. ಬಲಕ್ಕೆ ಯಾರೂ ನೋಡಿರಲಿಲ್ಲ, ನಾನೂ.

ಬಲದ ಕೋಣೆಯನ್ನು ಯಾರು ಕೇಳುತ್ತಾರೆ?
ಮೈಯಿಡೀ ಸುತ್ತಿ ಬಂದ ಕಪ್ಪು ನೆತ್ತರನ್ನು
ತುಂಬಿಕೊಂಡು ಪಕ್ಕದ ಶ್ವಾಸಕ್ಕೆ ದಾಟಿಸುವ ಕಡವು ಅದು.
ಗೋಡೆ ತೆಳು, ಗದ್ದಲವಿಲ್ಲ.
ಅದಕ್ಕೆ ಪೆಟ್ಟು ಬಿದ್ದರೆ ತಳ್ಳುವ ಬಲವಿಲ್ಲ;
ಮೇಲಿಂದ ತುಂಬಿ ಬರುವ ನೀರಿನ ಭಾರಕ್ಕೇ
ದೋಣಿ ಮುಂದೆ ಹೋಗಬೇಕು.
ಆ ಗುಳಿಗೆ ಹೊಳೆಯನ್ನೇ ಅಗಲ ಮಾಡುತ್ತದೆ.
ನೀರು ಅಲ್ಲೇ ಹರಡಿ, ದೋಣಿ ಕೆಸರಲ್ಲಿ.

"ಒಂದು ನಿಮಿಷ, ಸಿಸ್ಟರ್."
ನಾಲ್ಕನೆಯ ಬಿಲ್ಲೆ ಕಿತ್ತೆ, ಬಲಕ್ಕೆ ಅಂಟಿಸಿದೆ,
ಅದೇ ಪಕ್ಕೆಲುಬಿನ ಸಂದು, ಕನ್ನಡಿಯಲ್ಲಿ ಕಂಡಂತೆ.
ಪಿ.ಜಿ. ಹುಡುಗ ಕಣ್ಣುಜ್ಜುತ್ತ ಬಂದ.
ಗೆರೆ ಒಂದೇ ಮಿಲಿಮೀಟರು ಎದ್ದಿತ್ತು,
ಅಕ್ಕಿಕಾಳಿನ ದಪ್ಪ.
ಅವನು ಕುತ್ತಿಗೆಯ ನರ ನೋಡಿದ, ಉಬ್ಬಿತ್ತು.
ಬೆನ್ನಿಗೆ ಸ್ಟೆತ್ ಇಟ್ಟ, ಶ್ವಾಸ ಸ್ವಚ್ಛ.
ನಾಡಿ ನಲುವತ್ತೆರಡು, ಬಿ.ಪಿ. ಎಂಬತ್ತು.
"ಗುಳಿಗೆ ಬೇಡ. ಸಲೈನ್ ಬಿಡಿ, ಬೇಗ.
ಕ್ಯಾತ್ ಲ್ಯಾಬಿಗೆ ಫೋನು ಮಾಡಿ."

ಉಪ್ಪುನೀರು ಇಳಿಯತೊಡಗಿತು.
ಉಪ್ಪುನೀರಿನಲ್ಲೇ ಬದುಕಿದವಳು ಬಾಟಲಿ ನೋಡಿ ಕೇಳಿದಳು,
"ಎಂಕ್ ಈತ್ ನೀರ್ ದಾಯೆಗ್?"
ನನಗೆ ಉತ್ತರ ಹೊಳೆಯಲಿಲ್ಲ. ಕಾಲು ಎತ್ತಿ ಹಿಡಿದೆ.
ಹಿಮ್ಮಡಿಯ ಬಿರುಕಿನಲ್ಲಿ ಇನ್ನೂ ಬೆಂಗ್ರೆಯ ಹೊಯಿಗೆ.
ತೊಂಬತ್ತು. ತೊಂಬತ್ತಾರು.
ಬಿಕ್ಕಳಿಕೆ ನಿಂತದ್ದು ಯಾವಾಗಲೋ, ಗಮನಿಸಲಿಲ್ಲ.

ಒಳಗೆ ಒಯ್ಯುವ ಮುಂಚೆ ಸೀರೆ ಬಿಚ್ಚಿ ಕೊಡುವಾಗ
ಸೆರಗಿನ ಗಂಟಲ್ಲಿ ಮೂರು ಹತ್ತರ ನೋಟು,
ಜೊತೆಗೆ ಒಂದು ಬಿಳಿ ಗುಳಿಗೆ.
ಹೊರಗೆ ಹಸನಬ್ಬ ತಲೆ ತುರಿಸಿಕೊಂಡ:
"ನನ್ನದೇ. ದೋಣಿಯಲ್ಲಿ ಕೊಟ್ಟೆ, ನಾಲಗೆಯಡಿ ಇಟ್ಟುಕೋ ಅಂತ.
ಬಾಯಿ ತುಂಬ ಎಲೆಯಡಿಕೆ ಇತ್ತು ಅವಳಿಗೆ,
ಉಗಿದ ಮೇಲೆ ಹಾಕುತ್ತೇನೆ ಅಂದಳು. ಮರೆತಳು."

ಜಗಿದು ಮುಗಿಯದ ಒಂದು ಎಲೆಗೆ
ಯಾವ ಚಾರ್ಟಿನಲ್ಲೂ ಜಾಗವಿಲ್ಲ.
ಎರಡನೇ ಕಾಗದ ಫೈಲಿಗೆ ಸೇರಿಸಿದೆ,
ಮೇಲೆ ಪೆನ್ನಿನಲ್ಲಿ ಬರೆದೆ: ಬಲ.
ಶೆಟ್ಟಿಗಾರರ ಫೈಲು ಕೆಳಗಿನ ರೆಕಾರ್ಡ್ ರೂಮಿನಲ್ಲಿದೆ.
ಅದರಲ್ಲಿ ಒಂದೇ ಕಾಗದ.

ಹಸನಬ್ಬ ಗುಳಿಗೆ ವಾಪಸು ಕೇಳಿದ. ಕೊಟ್ಟೆ.
ಅವನಿಗೆ ಅದು ಬೇಕು,
ಅವನ ನೋವು ಬೇರೆ ಗೋಡೆಯದು.